ನಮ್ಮ ಕಾಮಿಕ್ಸ್‌ನಲ್ಲಿ ರಾಕ್ಷಸಿಯರೆಲ್ಲ ಕಪ್ಪು

ಹಳೇ ಕಾಮಿಕ್ಸ್ ಇರುವ ಡಬ್ಬವನ್ನು ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯ ಗರಾಜಿನಲ್ಲಿ ತೆಗೆದೆ. ಹುಳ ಹಿಡಿಯದಿರಲಿ ಅಂತ ಮೈಲುತುತ್ತ ಬೆರೆಸಿದ ಮೈದಾ ಅಂಟಿನ ವಾಸನೆ ಇನ್ನೂ ಹೋಗಿಲ್ಲ.

ಬೇಸಿಗೆ ರಜೆಯಲ್ಲಿ ಅಪ್ಪ ಮೈಸೂರಿನ ಮನೆಯ ಹಜಾರದಲ್ಲಿ ಕೂತು, ಹತ್ತು ಹತ್ತು ಪುಸ್ತಕ ಸೇರಿಸಿ ದಬ್ಬಳದಲ್ಲಿ ಹೊಲಿದು ರಟ್ಟು ಹಾಕುತ್ತಿದ್ದರು. ನಾನೂ ತಂಗಿ ಶೈಲಾಳೂ ಅವನ್ನು ಓದಿ ನಾಟಕ ಆಡುತ್ತಿದ್ದೆವು. ನಾನು ರಾಜಕುಮಾರಿ. ಶೈಲಾ ಕಪ್ಪಗಿದ್ದಳು, ಹಾಗಾಗಿ ಯಾವಾಗಲೂ ಅವಳೇ ರಾಕ್ಷಸಿ. ಒಂದು ದಿನ ಮುಖಕ್ಕೆಲ್ಲ ಪೌಡರ್ ಮೆತ್ತಿಕೊಂಡು ಬಂದು, "ಇವತ್ತು ನಾನು ರಾಜಕುಮಾರಿ ಆಗ್ಲಾ ಅಕ್ಕಾ?" ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ಅಮ್ಮನೂ ನಕ್ಕರು.

ಯಾವುದನ್ನು ಇಟ್ಟುಕೊಳ್ಳಬಹುದು ಅಂತ ಈ ವಾರವೆಲ್ಲ ಓದಿದೆ. ಪ್ರಾಣಿಗಳ ಕಥೆಗಳು ಈಗಲೂ ಚೆನ್ನಾಗಿವೆ. ಮಿಕ್ಕಿದ್ದರಲ್ಲಿ ಕೆಟ್ಟವರೆಲ್ಲ ಕಪ್ಪು, ಒಳ್ಳೆಯವರೆಲ್ಲ ಬೆಳ್ಳಗೆ. ಓದಲಾಗಲಿಲ್ಲ. ಶೈಲಾಗೆ ಕಾಲ್ ಮಾಡಿ ಸಾರಿ ಕೇಳಿದೆ.

"ನನಗೆ ನಲವತ್ತಾಯ್ತು ಅಕ್ಕಾ," ಅಂದಳು. "ಇವತ್ತಿಗೂ ಗ್ರೂಪ್ ಫೋಟೋ ಅಂದ್ರೆ ಹಿಂದೆ ಹೋಗಿ ನಿಂತ್ಕೋತೀನಿ. ಈಗ ಸಾರಿ ಅಂದ್ರೆ ನಾನೇನ್ ಮಾಡ್ಲಿ?"

ಅಷ್ಟು ಹೇಳಿ ಅವಳೇ ಫೋನ್ ಇಟ್ಟಳು.