ನಲವತ್ತಾರು ಸಹಿಗಳು

ನನ್ನ ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದ. ಕೆಲಸದಲ್ಲಿ ಚುರುಕು, ಅಕ್ಷರ ಮುತ್ತಿನಂಥದ್ದು. ಆದರೆ ಅವನಿಗೊಂದು ಚಟವಿತ್ತು. ತನ್ನ ಸಾಹೇಬರ ಇಂಗ್ಲಿಷನ್ನು ಅವನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಇಸ್ಪೀಟಾಡುವುದು ಇದಕ್ಕಿಂತ ವಾಸಿ ಎಂದು ನಾನು ಹೇಳಿದ್ದೆ.

ಸಾಹೇಬರು ಹಳೆಯ ಕಾಲದ ಇಂಜಿನಿಯರು. ರಸ್ತೆಯ ಮೇಲೆ ಮಂಡಿಯೂರಿ, ಕಬ್ಬಿಣದ ಸಲಾಕೆಯನ್ನು ಕಿವಿಗಿಟ್ಟುಕೊಂಡು, ಕೆಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವರು. ಇಂಗ್ಲಿಷಿನಲ್ಲಿ ಮಾತ್ರ ಒಂದು ಪದ ಸಾಕಾದ ಕಡೆ ಎರಡು ಹಾಕದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಕಾಗದ ಹಿಂದಕ್ಕೆ ಕಳಿಸಬೇಕಾದರೆ ‘ರಿಟರ್ನ್ ಬ್ಯಾಕ್’. ಇನ್ನೊಮ್ಮೆ ಹೇಳು ಎನ್ನಬೇಕಾದರೆ ‘ರಿಪೀಟ್ ಅಗೇನ್ ಒನ್ಸ್ ಮೋರ್’. ಸಿಟ್ಟು ಬಂದರೆ ಮಾತು ಪೂರಾ ಹಳಿ ತಪ್ಪುತ್ತಿತ್ತು. ‘ಐ ಸಾ ಇಟ್ ವಿತ್ ಮೈ ಓನ್ ಟೂ ಇಯರ್ಸ್’ ಎಂದು ಒಬ್ಬ ಕಂಟ್ರಾಕ್ಟರನಿಗೆ ಗದರಿದ್ದರಂತೆ, ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿ. ಅವರ ಉದ್ಯೋಗ ನೋಡಿದರೆ ಅದು ಅಷ್ಟೇನೂ ತಪ್ಪಲ್ಲ.

ತಮ್ಮ ಅವನ್ನೆಲ್ಲ ಹೆಕ್ಕಿ ತಂದು ಪುಸ್ತಕಕ್ಕೆ ಏರಿಸುತ್ತಿದ್ದ. ಕಚೇರಿಯದೇ ರಿಜಿಸ್ಟರು, ಕಚೇರಿಯದೇ ಕಂದು ಹೊದಿಕೆ. ತಮಾಷೆ ಪೂರ್ತಿಯಾಗಲಿ ಎಂದು ಗೆರೆ ಹೊಡೆದು ಕಾಲಂಗಳನ್ನೂ ಮಾಡಿದ್ದ. ಕ್ರಮಸಂಖ್ಯೆ, ತಾರೀಕು, ವಿವರ. ಕೊನೆಯಲ್ಲಿ ಸಹಿಗೆಂದು ಖಾಲಿ ಬಿಟ್ಟ ಒಂದು ಸಣ್ಣ ಮನೆ. ಹೊದಿಕೆಯ ಚೀಟಿಯ ಮೇಲೆ ‘ಇತರೆ’ ಎಂದು ಬರೆದಿದ್ದ. ಊಟದ ಹೊತ್ತಿನಲ್ಲಿ ಅದನ್ನು ಓದಿದರೆ ಟೈಪಿಸ್ಟ್ ಹೆಂಗಸಿಗೆ ನಕ್ಕು ನಕ್ಕು ನೆತ್ತಿಗೇರುತ್ತಿತ್ತಂತೆ. ಭಾನುವಾರ ನನ್ನ ಮನೆಗೂ ಬಂದು ಓದುತ್ತಿದ್ದ.

“ಅಕ್ಕ, ಈ ವಾರ ಮೂರು ಸಿಕ್ಕಿವೆ.”

“ಮೀನು ಹಿಡಿಯೋನ ಥರ ಹೇಳ್ತೀಯಲ್ಲೋ.”

“ಕೇಳು ಮೊದ್ಲು. ‘ದಿ ಟ್ಯಾಂಕ್ ಈಸ್ ಫುಲ್ಲಿ ಎಂಪ್ಟಿ ಅಪ್ ಟು ದಿ ಟಾಪ್.’ ಟ್ಯಾಂಕು ಮೇಲಿನ ತನಕ ಖಾಲಿ ತುಂಬಿದೆಯಂತೆ.”

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. “ಮೊನ್ನೆ ಫೋನಲ್ಲಿ ನೀನೇ ‘ಮತ್ತೆ ಪುನಃ ಇನ್ನೊಂದ್ಸಲ ಮಾಡ್ತೀನಿ’ ಅಂದೆ,” ಎಂದೆ.

“ಅದು ಕನ್ನಡ. ಕನ್ನಡದಲ್ಲಿ ನಡೆಯುತ್ತೆ.”

“ಯಾರ ಅಪ್ಪಣೆ?”

“ನಿಂಗೆ ನಗೋಕೆ ಬರಲ್ಲ ಅಕ್ಕ. ಟೈಪಿಸ್ಟೇ ವಾಸಿ.”

ಆ ವರ್ಷ ಹೆಡ್ ಕ್ಲರ್ಕ್ ನಿವೃತ್ತರಾಗುವವರಿದ್ದರು. ಆ ಕುರ್ಚಿ ತಮ್ಮನಿಗೆ ಬರಬೇಕಾದರೆ ಅವನ ಗೋಪ್ಯ ವರದಿಯಲ್ಲಿ ಸಾಹೇಬರು ನಾಲ್ಕು ಒಳ್ಳೆಯ ಮಾತು ಬರೆಯಬೇಕಿತ್ತು. ಬರೆಯದಿದ್ದರೆ ಕುರ್ಚಿ ಬೇರೆಯವರಿಗೆ. ಇವನು ಊರಾಚೆಯ ಪಂಪ್‌ಹೌಸಿನ ಉಗ್ರಾಣಕ್ಕೆ, ನಟ್ಟು ಬೋಲ್ಟು ಎಣಿಸಲು. ವರದಿ ಬರೆಯುವ ತಿಂಗಳು ಅದೇ.

ಅದೇ ತಿಂಗಳ ಒಂದು ಗುರುವಾರ ಅವನು ಊಟದ ಡಬ್ಬಿ ಬಿಚ್ಚಿ, ಪುಸ್ತಕಕ್ಕೆಂದು ಮೇಜಿನ ಬಲಬದಿಗೆ ಕೈ ಹಾಕಿದ. ಪುಸ್ತಕ ಇರಲಿಲ್ಲ. ಡ್ರಾಯರು ನೋಡಿದ, ಬೀರು ನೋಡಿದ, ಟೈಪಿಸ್ಟಳ ಚೀಲವನ್ನೂ ಅವಳ ಕೈಯಲ್ಲೇ ತೆಗೆಸಿ ನೋಡಿದ. ಆಮೇಲೆ ಅವನಿಗೆ ಇವತ್ತು ಗುರುವಾರ ಎಂಬುದು ಹೊಳೆಯಿತು. ಗುರುವಾರಗಳಲ್ಲಿ ಪುಸ್ತಕವನ್ನು ಡ್ರಾಯರಿನೊಳಗೆ ಬಚ್ಚಿಡುತ್ತಿದ್ದವನು ಅಂದು ಮರೆತಿದ್ದ.

ಗುರುವಾರ ಹನ್ನೊಂದು ಗಂಟೆಗೆ ದಫೇದಾರ ಎಲ್ಲ ಮೇಜುಗಳ ಮೇಲಿಂದ ಕಂದು ಹೊದಿಕೆಯ ಪುಸ್ತಕಗಳನ್ನು ಎತ್ತಿಕೊಂಡು ಸಾಹೇಬರ ಕೋಣೆಗೆ ಒಯ್ಯುವುದು ಆ ಕಚೇರಿಯ ವಾಡಿಕೆ. ದಫೇದಾರನಿಗೆ ಇಂಗ್ಲಿಷ್ ಓದಲು ಬಾರದು. ಪುಟ ತಿರುವಿ, ಕೊನೆಯ ಮನೆ ಎಲ್ಲಿ ಖಾಲಿಯಿದೆಯೋ ಅಲ್ಲಿ ಬೆರಳಿಡುತ್ತಾನೆ. ಬೆರಳಿಟ್ಟಲ್ಲಿ ಸಾಹೇಬರು ಚಿಕ್ಕ ಸಹಿ ಹಾಕುತ್ತಾರೆ. ನಲವತ್ತು ಪುಸ್ತಕ ಮುಗಿಯುವಷ್ಟರಲ್ಲಿ ಸಾಹೇಬರು ಎರಡು ಸಲ ಫೋನಿನಲ್ಲಿ ಮಾತಾಡಿರುತ್ತಾರೆ, ಒಂದು ಲೋಟ ಚಹಾ ಕುಡಿದಿರುತ್ತಾರೆ.

ಮೂರು ಗಂಟೆಗೆ ಪುಸ್ತಕಗಳು ಹೊರಬಂದವು. ತಮ್ಮನ ಪುಸ್ತಕವೂ ಬಂತು. ನಲವತ್ತಾರು ನಮೂದುಗಳಿದ್ದವು. ನಲವತ್ತಾರರ ಮುಂದೂ ಸಾಹೇಬರ ನೀಲಿ ಶಾಯಿಯ ಸಹಿ.

ಅವನು ದಫೇದಾರನನ್ನು ಮೆಟ್ಟಿಲ ಕೆಳಗೆ ಹಿಡಿದ.

“ದಫೇದಾರ್ರೇ, ಈ ಪುಸ್ತಕ ಸಾಹೇಬ್ರು ಓದಿದ್ರಾ?”

“ಓದೋದು ಅವರ ಕೆಲಸ ಸಾರ್. ತೋರ್ಸೋದು ನನ್ನ ಕೆಲಸ.”

“ಮುಖ ಹೇಗಿತ್ತು?”

“ಇದ್ದ ಹಾಗೇ ಇತ್ತು.”

“ನಕ್ರಾ? ಸಿಟ್ಟು ಮಾಡ್ಕೊಂಡ್ರಾ?”

“ಸಾಹೇಬ್ರು ನಕ್ಕರೆ ಹೇಗಿರುತ್ತೆ ಅಂತ ನೀವೇ ಹೇಳಿ, ನೆನಪು ಮಾಡ್ಕೋತೀನಿ.” ದಫೇದಾರ ಎರಡು ಮೆಟ್ಟಿಲು ಹತ್ತಿ, ತಿರುಗಿ ನಿಂತ. “ಏನಾದ್ರೂ ಹೆಚ್ಚುಕಮ್ಮಿ ಆಗಿದೆಯಾ ಸಾರ್? ಒಂದು ಮನೇನೂ ಬಿಟ್ಟಿಲ್ಲ ನಾನು.”

ಅಂದು ಸಂಜೆ ಅವನು ಮನೆಗೂ ಹೋಗದೆ ನೇರ ನನ್ನಲ್ಲಿಗೆ ಬಂದ. ಕುಳಿತುಕೊಳ್ಳಲಿಲ್ಲ. ನನ್ನ ಭೂತಗನ್ನಡಿ ತೆಗೆದುಕೊಂಡು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಮೂವತ್ತೊಂದನೇದು ನೋಡು. ಸಹಿಯ ಬಾಲ ಉದ್ದ ಆಗಿದೆ. ಅಲ್ಲಿ ನಿಂತು ಓದಿದಾರೆ.”

“ಕೈ ಸೋತಿರಬೇಕು.”

“ಮೂವತ್ತೆರಡರಲ್ಲಿ ಮತ್ತೆ ಸರಿಯಾಗಿದೆಯಲ್ಲ?”

“ಚಹಾ ಬಂದಿರಬೇಕು.”

“ನಂಗೆ ಪ್ರಾಣ ಹೋಗ್ತಿದೆ, ನಿಂಗೆ ತಮಾಷೆ.”

“ನಗೋಕೆ ಬರಲ್ಲ ಅಂದವನು ನೀನೇ. ಹೋಗಿ ತಪ್ಪಾಯ್ತು ಅಂತ ಒಪ್ಪಿಕೋ.”

“ಓದದೇ ಇದ್ರೆ? ನಾನಾಗೇ ಹೋಗಿ ಕತ್ತು ಕೊಟ್ಟ ಹಾಗಾಗಲ್ವಾ?”



ಮುಂದಿನ ಮೂರು ವಾರ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಸಾಹೇಬರ ಕೋಣೆಯ ಗಂಟೆ ಬಾರಿಸಿದರೆ, ಯಾರಿಗೆಂದು ಕೇಳುವ ಮೊದಲೇ ಎದ್ದಿರುತ್ತಿದ್ದ. ಒಳಗೆ ಸಾಹೇಬರು ಎಂದಿನಂತೆ ‘ರಿಟರ್ನ್ ಬ್ಯಾಕ್’ ಎಂದರೆ, ಬೇಕೆಂದೇ ಅಂದರೋ ಎಂದು ಬೆವರುತ್ತಿದ್ದ. ಒಂದು ದಿನ ಅವರು ಬರಿಯ ‘ರಿಟರ್ನ್’ ಎಂದುಬಿಟ್ಟರು. ಆ ದಿನ ಅವನು ಊಟ ಮಾಡಲಿಲ್ಲ. ಊಟದ ಕೋಣೆಯಲ್ಲಿ ಟೈಪಿಸ್ಟು, “ಹೊಸದೇನೂ ಇಲ್ವಾ ಸಾರ್?” ಎಂದು ಕೇಳಿದರೆ ಡಬ್ಬಿ ಎತ್ತಿಕೊಂಡು ವರಾಂಡಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡಿಗೆ. ಅವನ ಹೆಂಡತಿ ನನಗೆ ಫೋನ್ ಮಾಡಿ, “ಅತ್ತಿಗೆ, ಇವರನ್ನ ಸ್ವಲ್ಪ ದಿನ ನಿಮ್ಮಲ್ಲಿಗೆ ಕಳಿಸ್ಲಾ? ನಮ್ಮನೆ ನೆಲ ಸವೀತಾ ಇದೆ,” ಎಂದಳು. ನನ್ನ ಮನೆಯ ನೆಲ ಇನ್ನೂ ಹಳೆಯದು ಎಂದೆ.

ನಾಲ್ಕನೆಯ ವಾರ ಆದೇಶ ಬಂತು. ತಮ್ಮ ಹೆಡ್ ಕ್ಲರ್ಕ್ ಆಗಿದ್ದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೆಡ್ ಕ್ಲರ್ಕಿನ ಮೇಜಿನ ಜೊತೆಗೆ ಗೋಪ್ಯ ವರದಿಗಳ ಬೀರುವಿನ ಬೀಗದ ಕೈಯೂ ಬರುತ್ತದೆ. ತನ್ನ ವರದಿಯನ್ನು ತಾನು ತೆಗೆದು ನೋಡುವುದು ತಪ್ಪು. ಅವನು ನೋಡಿದ. ‘ಪ್ರಾಮಾಣಿಕ ಹಾಗೂ ಆನೆಸ್ಟ್, ಸಮಯಕ್ಕೆ ಸರಿಯಾಗಿ ಪಂಕ್ಚುಯಲ್, ಮೇಲಧಿಕಾರಿಗಳಲ್ಲಿ ಗೌರವವುಳ್ಳವರು.’ ಗೌರವದ ಮಾತಿಗೆ ಬಂದಾಗ ಅವನ ಕಣ್ಣು ತುಂಬಿತಂತೆ. ಎಲ್ಲ ಓದಿಯೂ ಹೀಗೆ ಬರೆದಿದ್ದಾರಲ್ಲ ಎನ್ನಿಸಿತಂತೆ. ಆಮೇಲೆ ಸುಮ್ಮನಿರಲಾರದೆ ಪಕ್ಕದವನ ವರದಿ ತೆಗೆದ. ಅದರಲ್ಲೂ ಅದೇ ಮೂರು ಮಾತು. ಅದರ ಪಕ್ಕದ್ದರಲ್ಲೂ ಅದೇ. ಎರಡು ವರ್ಷದ ಹಿಂದೆ ತೀರಿಕೊಂಡ ಒಬ್ಬ ಮೀಟರ್ ರೀಡರ್, ಸತ್ತ ನಂತರದ ವರ್ಷವೂ ಸಮಯಕ್ಕೆ ಸರಿಯಾಗಿ ಪಂಕ್ಚುಯಲ್ ಆಗಿದ್ದ. ಟೈಪಿಸ್ಟ್ ಒಂದೇ ಮಾದರಿಯಲ್ಲಿ ಹೊಡೆದದ್ದು, ದಫೇದಾರ ಬೆರಳಿಟ್ಟದ್ದು, ಸಾಹೇಬರ ಚಿಕ್ಕ ಸಹಿ.

ಅವನು ಆ ಭಾನುವಾರ ನನ್ನೆದುರು ನಿಂತೇ ಹೇಳಿದ. “ಓದಿದ್ರೆ ಅವರು ನನ್ನನ್ನ ಕ್ಷಮಿಸಿದಾರೆ. ಓದಿಲ್ಲ ಅಂದ್ರೆ ನನ್ನ ವರದಿನೂ ಓದಿಲ್ಲ. ಇಪ್ಪತ್ತೆರಡು ವರ್ಷ ಏನು ಮಾಡ್ದೆ ಅಂತ ಅವರಿಗೆ ಗೊತ್ತೇ ಇಲ್ಲ. ಯಾವುದು ವಾಸಿ ಅಕ್ಕ?”

“ಕುರ್ಚಿ ಸಿಕ್ತಲ್ಲ, ಕೂತ್ಕೋ.”

“ಅದೇ ಆಗ್ತಾ ಇಲ್ಲ.”

ನಿಜಕ್ಕೂ ಆಗಲಿಲ್ಲ. ಒಂದೂವರೆ ವರ್ಷ ಅವನು ಆ ಕುರ್ಚಿಯ ಅಂಚಿನಲ್ಲಿ ಕೂತೂ ಕೂರದಂತಿದ್ದ. ಸಾಹೇಬರ ನಿವೃತ್ತಿಯ ದಿನ ಬಂತು. ಅಧಿಕಾರ ಹಸ್ತಾಂತರದ ಪುಸ್ತಕಗಳೆಲ್ಲ ಕೊನೆಯ ಸಲ ಸಹಿಗೆ ಒಳಗೆ ಹೋಗಬೇಕಿತ್ತು. ಅವನು ಹಳೆಯ ‘ಇತರೆ’ ಪುಸ್ತಕವನ್ನು ಮನೆಯಿಂದ ತಂದು, ನಲವತ್ತೇಳನೆಯ ನಮೂದು ಬರೆದ. ಈ ಸಲ ಸಾಹೇಬರ ಮಾತಲ್ಲ. ಮೇಲಿನ ನಲವತ್ತಾರನ್ನೂ ನಗುವುದಕ್ಕಾಗಿ ಬರೆದವನು ತಾನು, ಅದು ತಪ್ಪು, ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಕೆಳಗೆ ತನ್ನ ಹೆಸರು. ನನಗೆ ಆಮೇಲೆ ತೋರಿಸಿದ. ‘ಸಾರಿ’ಯ ಜೊತೆಗೆ ‘ಅಪಾಲಜಿ’ಯೂ ಇತ್ತು, ಅದರ ಹಿಂದೆ ‘ರಿಗ್ರೆಟ್’ ಕೂಡ. ಮೂರರಲ್ಲಿ ಒಂದನ್ನೂ ಹೊಡೆದುಹಾಕಲು ನನಗೆ ಮನಸ್ಸಾಗಲಿಲ್ಲ.

ದಫೇದಾರ ಪುಸ್ತಕಗಳ ರಾಶಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದ. ತಮ್ಮ ಬಾಗಿಲ ಹೊರಗೆ ನಿಂತ. ಒಳಗಿಂದ ಪುಟ ತಿರುಗುವ ಸದ್ದು, “ಇಲ್ಲಿ ಸಾರ್, ಇಲ್ಲಿ ಸಾರ್” ಎಂಬ ಮಾತು, ನಡುವೆ ಫೋನು. ಇಪ್ಪತ್ತು ನಿಮಿಷದ ನಂತರ ರಾಶಿ ಹೊರಬಂತು. ನಲವತ್ತೇಳರ ಮುಂದೆ ನೀಲಿ ಶಾಯಿಯ ಸಹಿ. ಬಾಲ ಉದ್ದವೂ ಇರಲಿಲ್ಲ, ಗಿಡ್ಡವೂ ಇರಲಿಲ್ಲ.

ಸಾಹೇಬರು ಕೊಡೆ, ಚೀಲ, ಕಬ್ಬಿಣದ ಸಲಾಕೆ ಹಿಡಿದು ಹೊರಬಂದರು. ಇವನು ಗೇಟಿನವರೆಗೆ ಚೀಲ ಹೊತ್ತ. ಕಾರಿನ ಹತ್ತಿರ ಕೇಳಿಯೇಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವರು, “ಎರಡನೇ ಮೇನ್ ಪೈಪ್ ಹತ್ರ ಇನ್ನೂ ಸೋರ್ತಿದೆ ಕಣಯ್ಯಾ. ಬರೆದು ಬರೆದು ಸಾಕಾಯ್ತು, ಮೇಲಿನವರು ಯಾರೂ ಓದಲ್ಲ,” ಎಂದು ಹೇಳಿ ಹತ್ತಿದರು. ಇವನು ಚೀಲವನ್ನು ಅವರ ಪಕ್ಕದಲ್ಲಿಟ್ಟು ಕಾರಿನ ಬಾಗಿಲು ಹಾಕಿದ.

ಮಾರನೆಯ ದಿನ ಅವನು ಮಾಡಿದ ಮೊದಲ ಕೆಲಸ ಎರಡನೇ ಮೇನ್ ಪೈಪಿನ ಕಡತ ತೆಗೆದದ್ದು. ಹದಿನಾಲ್ಕು ಪತ್ರಗಳಿದ್ದವು. ಹದಿನಾಲ್ಕನ್ನೂ ಓದಿದ. ಹೊಸ ಸಾಹೇಬರ ಎದುರು ನಿಂತು, ಅವರು ಓದುವವರೆಗೂ ಕದಲಲಿಲ್ಲ. ರಸ್ತೆ ಅಗೆದಾಗ ಹಳೆಯ ಸಾಹೇಬರ ಸಲಾಕೆ ಹೇಳಿದ ಜಾಗದಲ್ಲೇ ಪೈಪು ಒಡೆದಿತ್ತು.

ಈಗ ಸಿಬ್ಬಂದಿಯ ಗುರುವಾರದ ಪುಸ್ತಕಗಳು ಮೊದಲು ಅವನ ಮೇಜಿಗೆ ಬರುತ್ತವೆ. ಬೆರಳಿಟ್ಟಲ್ಲೆಲ್ಲ ಅವನು ಸಹಿ ಹಾಕುವುದಿಲ್ಲ. ಸಾಲು ಸಾಲೂ ಓದಿ, ಓದಿದ್ದಕ್ಕೆ ಗುರುತಾಗಿ ಕೊನೆಯ ಪದದ ಕೆಳಗೆ ಒಂದು ಚುಕ್ಕೆ ಇಡುತ್ತಾನೆ. ಆಮೇಲೆ ಸಹಿ. ಹನ್ನೊಂದಕ್ಕೆ ಶುರುವಾದದ್ದು ಐದಾದರೂ ಮುಗಿಯುವುದಿಲ್ಲ. ದಫೇದಾರ ಕಾಲು ನೋವೆಂದು ಒಂದು ಸ್ಟೂಲು ತಂದಿಟ್ಟುಕೊಂಡಿದ್ದಾನೆ. ಕಚೇರಿಯಲ್ಲಿ ತಮ್ಮನಿಗೆ ಚುಕ್ಕೆ ಸಾಹೇಬ ಎಂದು ಹೆಸರು ಬಿದ್ದಿದೆ.

“ಯಾವನೋ ನನ್ನ ಇಂಗ್ಲಿಷ್ ಬರೆದಿಡ್ತಿದಾನೆ ಅಕ್ಕ,” ಎಂದ ಮೊನ್ನೆ, ನನ್ನ ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ. “ಊಟದ ಕೋಣೆಯಲ್ಲಿ ನಗ್ತಿರ್ತಾರೆ, ನಾನು ಹೋದ್ರೆ ಗಪ್‌ಚುಪ್.”

“ಹುಡುಕಿ ಕಿತ್ಕೋ.”

“ಬೇಡ. ಒಂದಲ್ಲ ಒಂದು ಗುರುವಾರ ರಾಶೀಲಿ ಬರುತ್ತೆ. ಬಂದ್ರೆ ಓದ್ತೀನಿ.”