ಪುರಿಂಗಕ್ಕನ ಸಂಪುಟ

ಮನಿಲಾದ ನಮ್ಮ ರೆಕ್ಟೋ ಬೀದಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳ ಹಳೆಯ ಸರ್ಕಾರಿ ಸಂಪುಟಗಳನ್ನು ಮಾರುವ ಪುರಿಂಗಕ್ಕ, ಕರಿದ ಬಾಳೆಹಣ್ಣು ತಿಂದ ಕೈಗಳನ್ನು ಅಂಗಡಿಯ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಕಾನೂನು ಓದುವ ಹುಡುಗರು ಕೇಸಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸಂಪುಟ ಎಳೆದು ಕೊಟ್ಟಿರುತ್ತಾಳೆ; ನ್ಯಾಯಮೂರ್ತಿಗಳು ಮರೆತರೂ ಇವಳನ್ನೇ ಕೇಳಬೇಕು. ಚೌಕಾಸಿ ಮಾಡಿದರೆ, "ಹದಿನೈದು ಜಡ್ಜುಗಳು ತಲೆ ಕೆಡಿಸ್ಕೊಂಡು ಬರ್ದಿರೋದು ಕಣೋ, ಸೊಪ್ಪಿನ ಕಟ್ಟಲ್ಲ!" ಎನ್ನುತ್ತಾಳೆ. ಒಂದು ಸಂಪುಟ ಮಾತ್ರ ಪ್ಲಾಸ್ಟಿಕ್ ಹೊದ್ದು ಅವಳ ಬೆನ್ನ ಹಿಂದಿರುತ್ತದೆ. ಬೆಲೆ ಕೇಳಿದ್ದಕ್ಕೆ ನನಗೆ ತೆರೆದೇ ತೋರಿಸಿದಳು: "ನೋಡಪ್ಪ, ಇಡೀ ಫಿಲಿಪ್ಪೀನ್ಸ್ ಜನತೆ ಒಂದು ಕಡೆ, ನಾನೊಬ್ಳೇ ಒಂದು ಕಡೆ. ಕೇಸಿನ ಹೆಸ್ರೇ ಹಾಗಿದೆ. ಗೆದ್ದೋಳು ನಾನು!" ಮಾಡದ ತಪ್ಪಿಗೆ ಒಂಬತ್ತು ವರ್ಷ ಜೈಲಿನಲ್ಲಿದ್ದವಳು, ಈಗಲೂ ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಆ ತೀರ್ಪಿನ ಕೊನೆಯ ಸಾಲನ್ನು ಬೆರಳಿಟ್ಟು ಓದಿಕೊಳ್ಳುತ್ತಾಳೆ: ಕೂಡಲೇ ಬಿಡುಗಡೆ ಮಾಡತಕ್ಕದ್ದು.