ಬೂದು ಬಣ್ಣದ ಚೂರು

ಮಗಳ ಕೆಲಸ ಏನೆಂದು ಯಾರು ಕೇಳಿದರೂ ಅಕ್ಕಯಮ್ಮ ಹೇಳುತ್ತಿದ್ದುದು ಒಂದೇ ಮಾತು: "ಕಂಪ್ಯೂಟ್ರಲ್ಲಿ ಚಕ್ರ ಬರೀತಾಳೆ." ನಗಬೇಡಿ, ಮಾತು ನಿಜವೇ. ಹೊಸಕೋಟೆಯಲ್ಲಿ ಬಿ.ಕಾಂ. ಮುಗಿಸಿದ ನವ್ಯಶ್ರೀ ಸೂಲಿಬೆಲೆ ರಸ್ತೆಯ ಒಂದು ಖಾಸಗಿ ಡೈರಿಗೆ ಸೇರಿದ್ದಳು. ಯಾವ ಊರಿಂದ ಎಷ್ಟು ಹಾಲು ಬಂತು, ಎಷ್ಟು ಕೆಟ್ಟಿತು ಎಂಬುದನ್ನೆಲ್ಲ ರಿಪೋರ್ಟ್ ಸಾಫ್ಟ್‌ವೇರಿಗೆ ತುಂಬಿ, ಬಣ್ಣಬಣ್ಣದ ಪೈ ಚಾರ್ಟ್ ಮಾಡಿ ಮ್ಯಾನೇಜರ್ ಕೆಂಪರಾಜ್‌ಗೆ ಕೊಡುವುದು ಅವಳ ಕೆಲಸ. ಒಬ್ಬಟ್ಟು ಕೊಯ್ದಂತೆ ಒಂದು ದುಂಡು. ಯಾರ ಪಾಲು ದೊಡ್ಡದೋ ಅವರ ಚೂರು ದೊಡ್ಡದು.

ಅವಳ ಊರು ಚಿಕ್ಕಸೊಣ್ಣೇನಹಳ್ಳಿ. ಅಲ್ಲಿದ್ದ ಹಾಲಿನ ಸಂಘ ಎರಡು ಗುಂಪುಗಳ ಚುನಾವಣೆ ಜಗಳದಲ್ಲಿ ಬಾಗಿಲು ಹಾಕಿತ್ತು. ಈಗ ಅದರ ಜಗುಲಿ ಮೇಲೆ ನಾಯಿ ಮಲಗುತ್ತದೆ. ಅಂದಿನಿಂದ ಊರಿಗೆಲ್ಲ ಈ ಡೈರಿಯ ವ್ಯಾನೇ ಗತಿ. ಬೆಳಿಗ್ಗೆ ಹೆಂಗಸರು ಕ್ಯಾನುಗಳಿಗೆ ಒದ್ದೆ ಗೋಣಿ ಸುತ್ತಿ, ಅರಳಿಕಟ್ಟೆಯ ನೆರಳಿಗಿಟ್ಟು ಕಾಯುತ್ತಾರೆ. ಅಷ್ಟು ಜೋಪಾನ ಮಾಡುವ ಊರಲ್ಲಿ ಹಾಲು ಕೆಡುವುದು ಅಪರೂಪ.

ಎಡವಟ್ಟಾದದ್ದು ಈ ಬೇಸಿಗೆಯಲ್ಲಿ. ಮಾಲೀಕ ಕೊಂಡಪ್ಪನವರು ಕೆಟ್ಟ ಹಾಲಿನ ಚಾರ್ಟ್ ಕೇಳಿದರು. ನವ್ಯಶ್ರೀ ಎಲ್ಲ ಊರನ್ನೂ ಹಾಕಿ ಮಾಡಿದಳು. ನಮ್ಮ ಕಡೆಯ ಊರಿನ ಹೆಸರುಗಳು ಗೊತ್ತಲ್ಲ, ಒಂದೊಂದೂ ಮೊಳದುದ್ದ, ಎಲ್ಲದರ ಬಾಲಕ್ಕೂ ಒಂದು ಹಳ್ಳಿ! ಬೆಳಗಿನ ಹೊಸಕೋಟೆ ಬಸ್ಸಿನಲ್ಲಿ ಜನ ನಿಂತಂತೆ ಆ ಹೆಸರುಗಳು ದುಂಡಿನ ಸುತ್ತ ಒಂದರ ಮೇಲೊಂದು ಬಿದ್ದವು.

"ಏನಮ್ಮಾ ಇದು, ಒಂದೂ ಓದಕ್ಕಾಗಲ್ಲ," ಎಂದ ಕೆಂಪರಾಜ್. "ಯಜಮಾನ್ರು ನೋಡಿದ್ರೆ ಮುಖಕ್ಕೆ ಎಸೀತಾರೆ. ನೀಟಾಗಿ ಮಾಡು."

ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಸುಲಭದ ದಾರಿಯಿತ್ತು. ಸಣ್ಣ ಚೂರುಗಳನ್ನೆಲ್ಲ ಕೂಡಿಸಿ 'ಇತರೆ' ಎಂದು ಮಾಡುವ ಗುಂಡಿ. ಒತ್ತಿದಳು. ದೊಡ್ಡ ಊರುಗಳು ತಮ್ಮ ತಮ್ಮ ಬಣ್ಣದಲ್ಲಿ ಉಳಿದವು; ಹನ್ನೆರಡು ಸಣ್ಣ ಊರುಗಳು ಹೆಸರು ಕಳೆದುಕೊಂಡು ಒಂದೇ ಬೂದು ಚೂರಾದವು. ಎಷ್ಟು ಅಚ್ಚುಕಟ್ಟಾಯಿತು! ಖುಷಿಯಾಗಿ ಫೋಟೊ ತೆಗೆದುಕೊಂಡು ಸಂಜೆ ಅಮ್ಮನಿಗೂ ತೋರಿಸಿದಳು.

"ಚೆನ್ನಾಗೈತೆ ಕಣೇ. ಇದ್ರಲ್ಲಿ ನಮ್ಮೂರು ಎಲ್ಲೈತೆ?" ಎಂದಳು ಅಕ್ಕಯಮ್ಮ.

"ಇಗೋ, ಈ ಇತರೆ ಒಳಗೆ."

"ಯಾಕೆ, ನಮ್ಮೂರಿಗೆ ಹೆಸರಿಲ್ವಾ?"

"ಅಯ್ಯೋ, ನಿಂಗೆ ಗೊತ್ತಾಗಲ್ಲ ಬಿಡಮ್ಮ," ಎಂದು ನಕ್ಕು ಮಗಳು ಮೊಬೈಲ್ ಇಸಿದುಕೊಂಡಳು.

ಮರುದಿನದ ಮೀಟಿಂಗಿಗೆ ನವ್ಯಶ್ರೀಯನ್ನು ಯಾರೂ ಕರೆಯಲಿಲ್ಲ. ಹೊರಗೆ ಬಂದ ಕೆಂಪರಾಜ್ ಮಾತ್ರ ಭಾರಿ ಉಲ್ಲಾಸದಲ್ಲಿದ್ದ. "ಯಜಮಾನ್ರು ಒಂದೇ ಮಾತಲ್ಲಿ ತೀರ್ಮಾನ ಮಾಡ್ಬಿಟ್ರು ಕಣಮ್ಮ. ಎಲ್ಲಕ್ಕಿಂತ ದೊಡ್ಡ ಚೂರು ಯಾವ್ದಪ್ಪಾ ಅಂದ್ರು. ಸಣ್ಣೂರುಗಳು ಸಾರ್ ಅಂದೆ. ಹಂಗಾದ್ರೆ ಆ ಊರುಗಳ ವ್ಯಾನು ನಾಳೆಯಿಂದ ನಿಲ್ಲಿಸ್ಬಿಡಿ ಅಂದ್ರು."

ನವ್ಯಶ್ರೀ ಕಂಪ್ಯೂಟರಿಗೆ ಮರಳಿ ಲೆಕ್ಕ ಬಿಚ್ಚಿ ನೋಡಿದಳು. ಒಂದೊಂದು ಊರಲ್ಲಿ ಕೆಟ್ಟದ್ದು ತೊಟ್ಟು ಹಾಲು. ಹನ್ನೆರಡು ಊರಿನ ತೊಟ್ಟುಗಳನ್ನು ಒಂದೇ ಪಾತ್ರೆಗೆ ಸುರಿದರೆ ತುಂಬದೆ ಇರುತ್ತದೆಯೇ? ಹನಿಹನಿ ಕೂಡಿದರೆ ಹಳ್ಳ ಎಂದು ಎಳೆ ಮಕ್ಕಳೂ ಹೇಳುತ್ತವೆ. ನಿಜಕ್ಕೂ ಹೆಚ್ಚು ಹಾಲು ಕೆಡಿಸಿದ್ದ ದೊಡ್ಡ ಊರೊಂದು ಆ ಬೂದು ಚೂರಿನ ಪಕ್ಕದಲ್ಲೇ ಚಿಕ್ಕದಾಗಿ ಕಂಡು ಪಾರಾಗಿತ್ತು. ಗುಂಡಿ ಒತ್ತುವಾಗ ಇದು ಹೊಳೆಯಬಾರದಿತ್ತೇ, ಹಾಳು ಬುದ್ಧಿ!

ಒಂದೊಂದು ಊರನ್ನೂ ಬೇರೆ ಬೇರೆ ಮಾಡಿ, ಹೊಸ ಚಾರ್ಟ್ ಹಿಡಿದು ಕೆಂಪರಾಜ್ ಹತ್ತಿರ ಓಡಿದಳು. "ಸಾರ್, ತಪ್ಪಾಗಿದೆ. ಬಿಡಿಬಿಡಿಯಾಗಿ ನೋಡಿದ್ರೆ ಈ ಊರುಗಳು ಕೊನೇಲಿ ಬರ್ತವೆ. ಯಜಮಾನ್ರಿಗೆ ತೋರಿಸೋಣ."

ಕೆಂಪರಾಜ್‌ಗೆ ಅರ್ಥವಾಯಿತು. ಅರ್ಥವಾಗದಷ್ಟು ದಡ್ಡನೇನಲ್ಲ. ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ನಿಂದು ಯಾವೂರು?"

"ಚಿಕ್ಕಸೊಣ್ಣೇನಹಳ್ಳಿ."

"ಅದೂ ಈ ಹನ್ನೆರಡರಲ್ಲಿ ಐತಲ್ವಾ? ಮುಗೀತು ಬಿಡು. ತನ್ನೂರು ಉಳಿಸ್ಕೊಳ್ಳಕ್ಕೆ ಚಾರ್ಟ್ ತಿದ್ದವ್ಳೆ ಅಂತಾರೆ. ನಿನ್ ಕೆಲಸಾನೂ ಹೋಗುತ್ತೆ, ನೀಟಾಗಿ ಮಾಡು ಅಂದ ತಪ್ಪಿಗೆ ನಂದೂ ಹೋಗುತ್ತೆ. ನಂಗೂ ಹೆಂಡ್ತಿ ಮಕ್ಳವ್ರೆ ಕಣಮ್ಮ."

ಅವಳು ಕೇಳಲಿಲ್ಲ. ಕಾರು ಹತ್ತುತ್ತಿದ್ದ ಕೊಂಡಪ್ಪನವರ ಮುಂದೆ ಹೋಗಿ ನಿಂತು, ತೊದಲುತ್ತಲೇ ಎಲ್ಲವನ್ನೂ ಹೇಳಿದಳು. ಅವರು ಹೊಸ ಚಾರ್ಟನ್ನು ನೋಡುವ ಬದಲು ಅವಳ ಮುಖ ನೋಡಿದರು. ಯಾವೂರು ಎಂದು ಅವರೂ ಕೇಳಿದರು. ಅವಳು ಹೇಳಿದಳು.

"ಊರಭಿಮಾನ ಒಳ್ಳೇದೇ ತಾಯಿ. ಅದನ್ನ ಮನೇಲಿಟ್ಟು ಬಾ," ಎಂದು ಗಾಜು ಏರಿಸಿದರು.

ಸಂಜೆ ಮನೆಯಲ್ಲಿ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಅಮ್ಮ ಎಮ್ಮೆ ಕರೆಯುವುದನ್ನು ನೋಡುತ್ತ ನಿಂತಳು. ಊಟ ಸೇರಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಮಲಗಿದಳು.

ಬೆಳಿಗ್ಗೆ ಹೆಂಗಸರು ಎಂದಿನಂತೆ ಕಟ್ಟೆಯ ಹತ್ತಿರ ಕಾದರು. ಬಿಸಿಲು ಏರಿತು. ಗೋಣಿಗೆ ಮತ್ತೆ ಮತ್ತೆ ನೀರು ಚಿಮುಕಿಸಿದರು. ಕೊನೆಗೆ ಅವರಲ್ಲೊಬ್ಬಳಾದ ಸೊಣ್ಣಮ್ಮ ವ್ಯಾನಿನ ಡ್ರೈವರಿಗೆ ಫೋನು ಹಚ್ಚಿದಳು. ಮಾತಾಡುತ್ತಾ ಮಾತಾಡುತ್ತಾ ಅವಳ ಮುಖ ಕೆಂಪಾಯಿತು.

"ಇನ್ಮೇಲೆ ಬರಲ್ವಂತೆ ಕಣ್ರೇ! ನಮ್ಮೂರ ಹಾಲು ಕೆಟ್ಟದ್ದು ಅಂತ ಆಫೀಸಲ್ಲಿ ಯಾರೋ ಬರ್ದು ಕೊಟ್ಟವ್ರಂತೆ. ಯಾವ ಮನೆಹಾಳ್ರೋ, ಅವ್ರ ಕೈ ಸೇದೋಗ!"

"ಸುಮ್ನಿರಕ್ಕಾ, ಶಾಪ ಹಾಕ್ಬೇಡ," ಎಂದಳು ಅಕ್ಕಯಮ್ಮ ಗತ್ತಿನಿಂದ. "ನನ್ ಮಗಳು ಅಲ್ಲೇ ಅವ್ಳಲ್ಲ. ಯಾರು ಅಂತ ಹುಡುಕಿ, ಗ್ರಹಚಾರ ಬಿಡಿಸ್ತಾಳೆ."

ಎಲ್ಲರೂ ತಿರುಗಿ ನೋಡಿದರು. ಬ್ಯಾಗು ಹಿಡಿದು ನಿಂತಿದ್ದ ನವ್ಯಶ್ರೀ ಒಂದು ಹೆಜ್ಜೆ ಮುಂದೆ ಬಂದಳು.

"ಹುಡುಕೋದೇನೂ ಬೇಡಮ್ಮ. ಆ ಚಕ್ರ ಬರೆದಿದ್ದು ನಾನೇ. ನಮ್ಮೂರನ್ನ ಇತರೆಗೆ ಹಾಕಿದ್ದೂ ನಾನೇ."

ಬೈದಿದ್ದರೆ ವಾಸಿಯಿತ್ತು. ಸೊಣ್ಣಮ್ಮ ಕೈಲಿದ್ದ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇರೆ ಕಡೆ ನೋಡಿದಳು. ಅಕ್ಕಯಮ್ಮ ಕ್ಯಾನಿನ ಮುಚ್ಚಳ ತೆಗೆದು ಮೂಸಿದಳು. ಹಾಲು ಹುಳಿ ವಾಸನೆಗೆ ತಿರುಗಿತ್ತು. ಮುಚ್ಚಳ ಹಾಕಿ, ಮಗಳ ಮುಖ ನೋಡದೆ ಹೇಳಿದಳು:

"ಅವತ್ತೇ ಕೇಳಿದ್ನಲ್ಲೇ, ನಮ್ಮೂರಿಗೆ ಹೆಸರಿಲ್ವಾ ಅಂತ. ನಿಂಗೆ ಗೊತ್ತಾಗಲ್ಲ ಅಂದ್ಬಿಟ್ಟೆ."